ಮೂರು ಸ್ವತಂತ್ರ ಸಾಕ್ಷ್ಯಗಳು ಮತ್ತು ನನ್ನ ಹೆಂಡತಿಯ ತಲೆಸುತ್ತು

ಒಂದೇ ಆಕರವನ್ನು ನಂಬಿ ತೀರ್ಮಾನಕ್ಕೆ ಬರಬಾರದೆಂಬುದು ಸಂಶೋಧನೆಯ ಮೊದಲ ಪಾಠ. ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಸವೆಸಿದ ನನಗೆ ಇದು ಎಷ್ಟು ಮೈಗಂಟಿದೆಯೆಂದರೆ, ಗೋಡೆಯ ಕ್ಯಾಲೆಂಡರು ಇಂದು ಸೋಮವಾರವೆಂದರೂ ಪಂಚಾಂಗವನ್ನು ವಿಚಾರಿಸದೆ ನಾನು ಒಪ್ಪುವುದಿಲ್ಲ. ಇದರಿಂದ ಯಾವ ಅರಸನಿಗೂ ಅಪಾಯವಾಗಲಿಲ್ಲ. ಅವರೆಲ್ಲ ಮೊದಲೇ ತೀರಿಕೊಂಡಿದ್ದರು. ಬದುಕಿರುವವರ ಮೇಲೆ ಈ ಪದ್ಧತಿಯನ್ನು ಪ್ರಯೋಗಿಸಿದಾಗಲೇ ತೊಡಕಾದದ್ದು.

ನನ್ನ ಹೆಂಡತಿ ಗೌರವ್ವನಿಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು ಮೊದಲಿನಿಂದಲೂ ಇದ್ದವು. ರಕ್ತದೊತ್ತಡವೂ ಇದೆಯೆಂದು ಜಮಖಂಡಿಯ ವೈದ್ಯರೊಬ್ಬರು ಹೇಳಿದಾಗ, ಗುಳಿಗೆ ಆರಂಭಿಸುವ ಮುನ್ನ ಅವಳನ್ನು ಮುಧೋಳಕ್ಕೂ ಮಹಾಲಿಂಗಪುರಕ್ಕೂ ಕರೆದೊಯ್ದೆ. ಒಬ್ಬ ಸಾಕ್ಷಿಯ ಮಾತು ಇನ್ನೊಬ್ಬನ ಕಿವಿಗೆ ಬೀಳಬಾರದಲ್ಲ! ಹಿಂದಿನ ವೈದ್ಯರ ಸುದ್ದಿಯನ್ನು ಮುಂದಿನವರೆದುರು ಎತ್ತಲೇ ಇಲ್ಲ. ಮೂವರೂ ರಕ್ತದೊತ್ತಡವೆಂದೇ ಹೇಳಿ ಒಂದೊಂದು ಗುಳಿಗೆ ಬರೆದುಕೊಟ್ಟರು. ಬಣ್ಣ ಬೇರೆ, ಹೆಸರು ಬೇರೆ. ಇಷ್ಟು ಬಲವಾದ ಸಾಕ್ಷ್ಯಗಳಲ್ಲಿ ಯಾವೊಂದನ್ನು ಕೈಬಿಟ್ಟರೂ ಪಕ್ಷಪಾತವಾದೀತೆಂದು ಮೂರನ್ನೂ ನನ್ನ ಕೈಯಾರೆ ನುಂಗಿಸತೊಡಗಿದೆ.

ಕೆಲವೇ ದಿನಗಳಲ್ಲಿ ಎದ್ದು ನಿಂತರೆ ಅವಳ ಕಣ್ಣಿಗೆ ಕತ್ತಲೆ ಕವಿಯತೊಡಗಿತು. ಅಡುಗೆಮನೆಯಲ್ಲೊಮ್ಮೆ, ಅಂಗಳದಲ್ಲೊಮ್ಮೆ ಬಿದ್ದಳು. ಗೋಡೆ ಹಿಡಿದು ನಡೆಯುವ ಅವಳನ್ನು ಕಂಡು, ಮಿದುಳಿಗೇ ಏನೋ ಆಗಿದೆ, ಇನ್ನು ಹಾಸಿಗೆ ಹಿಡಿಯುತ್ತಾಳೆ ಎಂದು ಹೆದರಿದೆ.

ಜಮಖಂಡಿಯ ಆಸ್ಪತ್ರೆಯೊಂದರಲ್ಲಿ ಹಲವು ತೊಂದರೆಗಳಿರುವ ಹಿರಿಯರನ್ನು ವೈದ್ಯೆ, ನರ್ಸು, ಫಿಜಿಯೋಥೆರಪಿಸ್ಟ್, ಔಷಧತಜ್ಞ ಎಲ್ಲರೂ ಒಟ್ಟಿಗೆ ಕೂತು ನೋಡುತ್ತಾರೆಂದು ಕೇಳಿ ಹೋದೆವು. ನನಗದು ಹಿಡಿಸಲಿಲ್ಲ. ಸಾಕ್ಷಿಗಳೆಲ್ಲ ಒಂದೇ ಕೋಣೆಯಲ್ಲಿ, ಅದೂ ಪರಸ್ಪರ ಮಾತಾಡಿಕೊಳ್ಳುತ್ತ!

“ಅಮ್ಮಾರ, ತಲಿ ಯಾವಾಗಿಂದ ತಿರಗಾಕತ್ತೈತ್ರಿ?” ವೈದ್ಯೆ ಕೇಳಿದರು.

“ಕಾರಹುಣ್ಣಿವಿ ಮರುದಿನದಿಂದ್ರಿ,” ನಾನೆಂದೆ. “ಆದ್ರ ಹುಣ್ಣಿವಿ ಎಷ್ಟೊತ್ತಿಗೆ ಮುಗೀತು ಅನ್ನೂದ್ರಾಗ ಎರಡು ಪಂಚಾಂಗಕ್ಕ...”

“ನೀವು ಸುಮ್ನ ಕೂಡ್ರೀ ಅಂದ್ರ!” ಗೌರವ್ವ ರೇಗಿದಳು. “ಡಾಕ್ಟರಬಾಯಾರ, ನನ್ನ ತಲಿ ತಿರಗಿದ್ದರ ತಾರೀಖ ಹುಡಕ್ಯಾರ ನೋಡ್ರಿ ಇವರು. ಯಾಕ ತಿರಗತೈತಿ ಅಂತ ಒಂದ ದಿನಾನೂ ಕೇಳಿಲ್ಲ.”

ಫಿಜಿಯೋಥೆರಪಿಸ್ಟ್ ಅವಳನ್ನು ಮೆಲ್ಲನೆ ಎಬ್ಬಿಸಿ ನಿಲ್ಲಿಸಿದ. ಮಲಗಿದ್ದಾಗ ಸರಿಯಿದ್ದ ರಕ್ತದೊತ್ತಡ ನಿಂತೊಡನೆ ಕುಸಿಯಿತೆಂದು ನರ್ಸು ಹೇಳಿದಳು. ಔಷಧತಜ್ಞರು ನಮ್ಮ ಗುಳಿಗೆಯ ಚೀಲವನ್ನು ಮೇಜಿನ ಮೇಲೆ ಸುರಿದು ರಕ್ತದೊತ್ತಡದ ಮೂರು ಗುಳಿಗೆ ಪಟ್ಟಿಗಳನ್ನು ಬೇರೆ ಇಟ್ಟರು. ವೈದ್ಯೆ ನನ್ನತ್ತ ತಿರುಗಿದರು.

“ಸರ್, ಈ ಮೂರೂ ಒಂದ ಔಷಧರಿ. ಕಂಪನಿ ಅಷ್ಟ ಬ್ಯಾರೆ. ಬರದಕೊಟ್ಟೋರಿಗೆ ಒಬ್ಬರದೊಬ್ಬರಿಗೆ ಗೊತ್ತಿದ್ದಿಲ್ಲೇನ್ರಿ?”

“ಗೊತ್ತಾಗಬಾರದಂತ ನಾನ ಮುಚ್ಚಿಟ್ಟಿದ್ನಿರಿ.”

ಗೌರವ್ವ ಹಣೆ ಚಚ್ಚಿಕೊಂಡಳು. “ಪುಸ್ತಕಾ ಓದಿ ಓದಿ ನನ್ನ ಕೊಲ್ಲಾಕ ನಿಂತಿದ್ರು ನೋಡ್ರಿ!”

“ಅಂಜಬ್ಯಾಡ್ರಿ, ಮಿದುಳಿಗೇನೂ ಆಗಿಲ್ಲ,” ವೈದ್ಯೆ ನಕ್ಕರು. “ಒಂದ ಇಟ್ಟು ಎರಡು ಬಂದ್ ಮಾಡೂನು. ಮುಂದಿನ ವಾರ ಮತ್ತ ಬರ್ರಿ.”

ತನ್ನ ತಪ್ಪು ಹೊರಬಿದ್ದದ್ದಕ್ಕೆ ಇಷ್ಟು ಹಿಗ್ಗಿದ ವಿದ್ವಾಂಸ ಬೇರೊಬ್ಬನಿರಲಾರ. ಅವಳ ರೋಗ ನಾನೇ ಎಂದು ತಿಳಿದಾಗ ಕಣ್ಣು ತುಂಬಿ ಬಂತು. ಆಸ್ಪತ್ರೆಯ ಬಾಗಿಲಲ್ಲಿ ಚಹಾ ಕುಡಿಸುತ್ತೇನೆಂದೆ. “ಅದರಾಗೇನ ಹಾಕ್ಸೀರಿ?” ಎಂದಳು.

ಈಗ ಗುಳಿಗೆಗಳ ಯಜಮಾನಿಕೆ ಅವಳದು, ನನ್ನವೂ ಸೇರಿ. ದಿನವೂ ಬೆಳಗ್ಗೆ ಬಂದು ಒಂದನ್ನು ನನ್ನ ಅಂಗೈಯಲ್ಲಿಡುತ್ತಾಳೆ. ಇದು ಯಾವುದೆಂದು ಕೇಳುವ ಧೈರ್ಯ ನನಗಿಲ್ಲ. ನುಂಗಿ ಸುಮ್ಮನೆ ಕೂರುತ್ತೇನೆ. ಗೋಡೆ ಹಿಡಿಯದೆ ನಡೆದುಹೋಗುವ ಅವಳ ಹೆಜ್ಜೆಯ ಸದ್ದು ಅಡುಗೆಮನೆಯವರೆಗೂ ಕೇಳಿಸುತ್ತದೆ.