ಕ್ಲೆಮ್ ನುಂಗಿದ ಗುಟುಕು

ಗಂಡ ಕುಡಿಯುತ್ತಾನೆಂದು ಅಳುವ ಹೆಂಗಸರು ಊರಿಗೆ ನಾಲ್ವರು ಸಿಗುತ್ತಾರೆ. ಗಂಡ ಉಗುಳುತ್ತಾನೆಂದು ಅಳುವವಳು ಆಸ್ಟ್ರೇಲಿಯಾದ ಈಡನ್ ಕಣಿವೆಗೆಲ್ಲ ವರ್ನಾ ಒಬ್ಬಳೇ.

ಅವಳ ಗಂಡ ಕ್ಲೆಮ್ ಮೂವತ್ತು ವರ್ಷದಿಂದ ಮನೆಯ ಹಿಂದಿನ ಕಲ್ಲಿನ ಶೆಡ್ಡಿನಲ್ಲಿ ಬಿಳಿ ವೈನ್ ಮಾಡುತ್ತಿದ್ದ. ದಿನಕ್ಕೆ ನಲವತ್ತು ಪೀಪಾಯಿಯ ರುಚಿ ನೋಡುವವನು ಎಲ್ಲವನ್ನೂ ನುಂಗುತ್ತಾ ಕೂತರೆ ಮಧ್ಯಾಹ್ನಕ್ಕೇ ಹೊತ್ತು ತರಬೇಕಾಗುತ್ತದೆ, ಉಗುಳಲಿ, ಒಪ್ಪಿದೆವು. ಆದರೆ ಈ ಮಹಾನುಭಾವನ ಬಾಯಿಗೆ ಶೆಡ್ಡು ಯಾವುದು, ಸಂಸಾರ ಯಾವುದು ಎಂಬ ಭೇದವೇ ಉಳಿದಿರಲಿಲ್ಲ. ಚಹಾ ಕೊಟ್ಟರೂ ಅಷ್ಟೇ, ಕೆಮ್ಮಿನ ಔಷಧಿ ಕೊಟ್ಟರೂ ಅಷ್ಟೇ: ಮೊದಲು ಲೋಟ ತಿರುಗಿಸಿ ಆಘ್ರಾಣ, ಆಮೇಲೆ ಗಳಗಳ ಆಚಮನ, ಕೊನೆಗೆ ಕಿಟಕಿಯಾಚೆ ವಿಸರ್ಜನೆ. (ಕಿಟಕಿಯ ಕೆಳಗೆ ವರ್ನಾ ಹಾಕಿದ್ದ ಸಬ್ಬಸಿಗೆ ಒಂದು ವರ್ಷವೂ ಉಳಿಯಲಿಲ್ಲ.) ಮಗಳ ಮದುವೆಯಲ್ಲಂತೂ ಅಡಿಲೇಡಿನ ಬೀಗರು ತಂದ ವೈನನ್ನು ಹೂಕುಂಡಕ್ಕೆ ಉಗುಳಿ, "ದ್ರಾಕ್ಷಿ ಮೂರು ದಿನ ಮೊದಲೇ ಕೊಯ್ದಿದ್ದಾರೆ" ಎಂದುಬಿಟ್ಟ. ಬೀಗರು ಇವತ್ತಿಗೂ ಫೋನ್ ಎತ್ತುವುದಿಲ್ಲ.

ಇಂಥವನನ್ನು ಫೆಬ್ರವರಿಯ ಉರಿಬಿಸಿಲಿನ ಒಂದು ಭಾನುವಾರ ಐಡಾ ತ್ಸಿಲ್ಮ್ ಎಂಬ ಮುದುಕಿಯ ಮನೆಗೆ ಊಟಕ್ಕೆ ಕರೆದೊಯ್ಯಬೇಕಾಗಿ ಬಂತು. ಗುಡ್ಡದ ಮೇಲಿನ ನೂರು ವರ್ಷದ ರೀಸ್ಲಿಂಗ್ ದ್ರಾಕ್ಷಿ ಬಳ್ಳಿಗಳು ಐಡಾಳವು. ಆ ದ್ರಾಕ್ಷಿ ಇಲ್ಲದಿದ್ದರೆ ಕ್ಲೆಮ್‌ನ ವೈನೂ ಇಲ್ಲ, ಶೆಡ್ಡಿನ ಬಾಗಿಲಿಗೆ ಬೋರ್ಡೂ ಇಲ್ಲ. ಮುಂದಿನ ಹತ್ತು ವರ್ಷದ ಕರಾರಿಗೆ ಅವತ್ತೇ ಸಹಿ. ಗ್ರಹಚಾರ ನೋಡಿ, ಹೋದ ಸುಗ್ಗಿಯಲ್ಲಿ ಐಡಾ ಹೊತ್ತು ಹೋಗದೆ ನಾಲ್ಕು ಬುಟ್ಟಿ ಹಣ್ಣು ಇಟ್ಟುಕೊಂಡು ತಾನೇ ವೈನ್ ಮಾಡಿದ್ದಳು. ಇವತ್ತು ಸೀಸೆ ತೆಗೆಯುತ್ತಾಳಂತೆ.

ಕಾರಿನಲ್ಲೇ ವರ್ನಾ ಉಪದೇಶ ಶುರುಮಾಡಿದಳು. "ಕೇಳಿಸ್ಕೊಳ್ರಿ. ಮೂಸಬಾರ್ದು. ಮುಕ್ಕಳಿಸಬಾರ್ದು. ನುಂಗಿ 'ಚೆನ್ನಾಗಿದೆ' ಅನ್ಬೇಕು."

"ಚೆನ್ನಾಗಿಲ್ದೆ ಇದ್ರೆ?"

"ಆಗ 'ತುಂಬಾ ಚೆನ್ನಾಗಿದೆ' ಅನ್ಬೇಕು!"

"ಈಗಷ್ಟೇ ಚರ್ಚಿಂದ ಬರ್ತಿದೀವಿ ಕಣೆ."

"ದೇವರು ಕ್ಷಮಿಸ್ತಾನೆ. ಐಡಾ ಆಂಟಿ ಕ್ಷಮಿಸಲ್ಲ."

ಊಟದ ಮೇಜಿಗೆ ಸಾಸೇಜು, ಸೌತೆಕಾಯಿ ಉಪ್ಪಿನಕಾಯಿ, ಅವುಗಳ ನಡುವೆ ಆ ಸೀಸೆ ಬಂತು. ಬಗ್ಗಡದ ಬಣ್ಣ, ನೆನೆದ ನಾಯಿಯ ಪರಿಮಳ. ಕ್ಲೆಮ್ ಒಂದು ಗುಟುಕು ಬಾಯಿಗೆ ಹಾಕಿಕೊಂಡವನೇ ಕೆನ್ನೆ ಉಬ್ಬಿಸಿ ಕಿಟಕಿ ಹುಡುಕತೊಡಗಿದ. ವರ್ನಾ ಮೇಜಿನಡಿ ಹಿಮ್ಮಡಿಯಿಂದ ಅವನ ಕಾಲು ತುಳಿದಳು. ಗುಟುಕ್!

"ಚೆ... ಚೆನ್ನಾಗಿದೆ."

ಐಡಾ ಚಮಚ ಕೆಳಗಿಟ್ಟಳು. "ನುಂಗಿದ್ಯೇನೋ?"

"ನುಂಗಿದ್ರು ಆಂಟಿ!" ಎಂದಳು ವರ್ನಾ. "ಇನ್ನೊಂದು ಲೋಟ ಹಾಕಿ. ಕೇಳೋಕೆ ನಾಚ್ಕೋತಾರೆ."

ಇನ್ನೊಂದು ಲೋಟವೂ ತುಂಬಿತು, ಬರಿದಾಯಿತು. ಕ್ಲೆಮ್‌ನ ಕಣ್ಣಲ್ಲಿ ನೀರು.

"ನೋಡಿ, ಆನಂದಬಾಷ್ಪ!"

ಐಡಾ ಏಪ್ರನ್ನಿನ ಜೇಬಿನಿಂದ ಕರಾರಿನ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ವರ್ನಾಳ ಎದೆ ಹಗುರಾಯಿತು. ಮುದುಕಿ ಆ ಕಾಗದವನ್ನು ನಿಧಾನವಾಗಿ ಎರಡಾಗಿ ಹರಿದಳು.

"ನಿಜ ಹೇಳ್ಲಾ ವರ್ನಾ? ನನಗಿದು ಕಲಗಚ್ಚಿನ ಥರ ಇತ್ತು. ಕ್ಲೆಮ್ ಉಗುಳಿದ ತಕ್ಷಣ ಎಲ್ಲಾನೂ ಗುಲಾಬಿ ಗಿಡಕ್ಕೆ ಸುರಿದು, ಸಹಿ ಹಾಕಿ ಕೈ ತೊಳ್ಕೊಳ್ಳೋಣ ಅಂತಿದ್ದೆ. ಆದ್ರೆ ಇವನು ಬೇರೆಯವರ ವೈನ್ ನುಂಗಿದ್ದನ್ನ ಈ ಕಣಿವೇಲಿ ಒಬ್ಬರಾದ್ರೂ ಕಂಡಿದ್ದಾರಾ? ನಾನು ಎರಡು ಲೋಟ ನುಂಗಿಸ್ದೆ! ಇನ್ಮೇಲೆ ಒಂದು ದ್ರಾಕ್ಷೀನೂ ಮಾರಲ್ಲ ಕಣಮ್ಮ. ಎಲ್ಲಾ ನಾನೇ ಹಿಂಡ್ತೀನಿ."

ವರ್ನಾ ಕುರ್ಚಿಯಿಂದ ಎದ್ದಳು. ಗಂಡನ ಭುಜ ಹಿಡಿದು ಅಲುಗಾಡಿಸಿದಳು.

"ರೀ, ಉಗುಳ್ರೀ! ಈಗಲಾದ್ರೂ ಉಗುಳ್ರೀ!"

ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಹೊಟ್ಟೆಗೆ ವೈನ್ ಇಳಿಸಿದ್ದ ಕ್ಲೆಮ್‌ನ ಮುಖ ಕುಂಬಳದ ಹೂವಿನಂತೆ ಅರಳಿತ್ತು.

"ಯಾಕೆ ಉಗುಳ್ಬೇಕು? ಒಳಗೆ ಎಷ್ಟು ಬೆಚ್ಚಗಿದೆ ಗೊತ್ತಾ!" ಎಂದವನೇ ಲೋಟವನ್ನು ಐಡಾಳ ಕಡೆಗೆ ಚಾಚಿದ.