ಕೈಯಾರೆ ಮಾಡಿಕೊಂಡ ಹುಟ್ಟುಹಬ್ಬ

ಐವತ್ತು ತುಂಬಿದ ದಿನ ಬೆಳಿಗ್ಗೆ ಕಟಿಂಗ್ ಮಾಸ್ಟರು ಕನ್ನಡಿಯ ಮುಂದೆ ನಿಂತು, ಬಲಗೈಯನ್ನು ಮೇಲೆತ್ತಿ, ಹೆಂಡತಿಗೆ ಕೇಳುವ ಹಾಗೆ ಸಾರಿದರು: "ಇವತ್ತು ಈ ಕೈಗೊಂದು ಪ್ರತಿಮೆ ಆಗುತ್ತೆ."

ಹೆಂಡತಿ ಬಸ್ ಕಂಡಕ್ಟರ್. ಪಾಳಿಗೆ ಹೊರಡುವ ಗಡಿಬಿಡಿಯಲ್ಲಿ ಷೂ ಲೇಸು ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ.

"ಪ್ರತಿಮೆ ಮಾಡೋದು ಸತ್ತವರಿಗೆ ರೀ."

"ಸತ್ತ ಮೇಲೆ ಅಳತೆ ಕೊಡೋಕೆ ನಾನೇ ಎದ್ದು ಬರ್ಲಾ?"

"ಏನಾದ್ರೂ ಮಾಡ್ಕೊಳ್ಳಿ. ಇವತ್ತು ನಿಮ್ಮ ದಿನ. ನಾನು ಬರುವಾಗ ಕೇಕ್ ತರ್ತೀನಿ. ಅಲ್ಲೀವರೆಗೆ ಮನೆ ಮನೆ ಥರ ಇದ್ರೆ ಸಾಕು."

ಮಾಸ್ಟರ ಮನಸ್ಸಿನಲ್ಲಿ ಇದು ಬಹಳ ದಿನಗಳಿಂದ ಕುದಿಯುತ್ತಿದ್ದ ವಿಷಯ. ಮೀಸೆ ಮೂಡುವ ಮೊದಲೇ ಕತ್ತರಿ ಹಿಡಿದವರು. ಅಂದಿನಿಂದ ಇಂದಿನವರೆಗೆ ಹೊಲಿದದ್ದೆಲ್ಲ ಮಂದಿಯ ಅಳತೆಗೆ, ಮಂದಿಯ ಮರ್ಜಿಗೆ. ತೋಳು ಉದ್ದ ಬಿಟ್ಟರೆ ಗಿಡ್ಡ ಮಾಡು ಅನ್ನುತ್ತಾರೆ, ಗಿಡ್ಡ ಮಾಡಿದರೆ ಬಟ್ಟೆ ಕದ್ದೆ ಅನ್ನುತ್ತಾರೆ. ಈ ಹುಟ್ಟುಹಬ್ಬಕ್ಕಾದರೂ ಯಾರೂ ಬಿಚ್ಚಿಸಿ ಮತ್ತೆ ಹೊಲಿಸಲಾಗದಂಥ ಒಂದು ಕಲಾಕೃತಿಯನ್ನು ತಮಗಾಗಿ ಮಾಡಬೇಕೆಂದು ಅವರು ಪಣ ತೊಟ್ಟಿದ್ದರು. ಫೋನಿನ ವಿಡಿಯೋದಲ್ಲಿ ಒಬ್ಬಾಕೆ ತನ್ನ ಕೈಯ ಅಚ್ಚು ತೆಗೆದು, ಹಾಲುಬಿಳುಪಿನ ಪ್ರತಿಮೆ ಮಾಡಿ ತೋರಿಸಿದ್ದಳು. ಮೊದಲು ರಬ್ಬರಿನಂಥ ಮೆತ್ತನೆಯ ಮಿಶ್ರಣದಲ್ಲಿ ಕೈ ಅದ್ದಿ ತೆಗೆಯಬೇಕು, ಆಮೇಲೆ ಆ ಪೊಳ್ಳಿಗೆ ಪ್ಲಾಸ್ಟರ್ ಹೊಯ್ಯಬೇಕು. ಆದರೆ ಮೊದಲರ್ಧ ನಡೆಯುವಾಗ ಮಾಸ್ಟರು ಯಾರದೋ ಸೊಂಟದ ಅಳತೆ ತೆಗೆಯುತ್ತಿದ್ದರು. ಅವರು ನೋಡಿದ್ದು ಪ್ಲಾಸ್ಟರನ್ನು ಮಾತ್ರ.

ಹೆಂಡತಿ ಹೋದದ್ದೇ ತಡ, ಬಾಗಿಲಿಗೆ ಚಿಲಕ ಜಡಿದು, ಹೊಲಿಗೆ ಕೋಣೆಯಲ್ಲಿ ಬಕೆಟ್ ಇಟ್ಟು, ಪ್ಲಾಸ್ಟರ್ ಪುಡಿ ಸುರಿದು, ನೀರು ಹೊಯ್ದು ಗಟ್ಟಿ ಮಜ್ಜಿಗೆಯ ಹದಕ್ಕೆ ಕಲಸಿದರು. ಬರೀ ಕೈ ಇಟ್ಟರೆ ಯಾರ ಕೈ ಎಂದು ಮುಂದಿನ ತಲೆಮಾರಿಗೆ ತಿಳಿಯುವುದು ಹೇಗೆ? ಹಾಗಾಗಿ ದೊಡ್ಡ ಕತ್ತರಿಯ ಹಿಡಿಯೊಳಗೆ ಬೆರಳು ತೂರಿಸಿಕೊಂಡೇ ಮೊಣಕೈಯ ಹತ್ತಿರದವರೆಗೆ ಮುಳುಗಿಸಿ, ಕಣ್ಣು ಮುಚ್ಚಿ ಕುಳಿತರು.

ಮೊದಲು ಹಿತವಾಗಿ ಬೆಚ್ಚಗಾಯಿತು. ಕಲೆಗೆ ಇಷ್ಟೊಂದು ಮಮತೆಯಿರುತ್ತದೆಂದು ಮಾಸ್ಟರಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮಮತೆ ಹೆಚ್ಚಾಯಿತು. ಆಮೇಲೆ ಸುಡತೊಡಗಿತು.

"ಸಾಕು" ಎಂದು ತಮಗೆ ತಾವೇ ಹೇಳಿಕೊಂಡು ಕೈ ಎಳೆದರು. ಕೈ ಬಂತು, ಬಕೆಟ್ಟೂ ಜೊತೆಗೇ ಬಂತು.

ಕಾಲಿನಿಂದ ಬಕೆಟ್ ಒತ್ತಿ ಹಿಡಿದು ಎಳೆದರು. ತಿರುಚಿದರು. ಗೋಡೆಗೆ ಬಡಿದರು. ಬಡಿದ ಪೆಟ್ಟು ಭುಜಕ್ಕೆ ತಗುಲಿತೇ ಹೊರತು ಪ್ಲಾಸ್ಟರಿನಲ್ಲಿ ಕೂದಲೆಳೆಯಷ್ಟು ಬಿರುಕೂ ಬಿಡಲಿಲ್ಲ. ಒಳಗೆ ಬೆರಳ ತುದಿಗಳಲ್ಲಿ ನಾಡಿ ಹೊಡೆದುಕೊಳ್ಳುತ್ತಿತ್ತು. ಕತ್ತರಿಯ ಕಬ್ಬಿಣ ಬೇರೆ ಕಾದು ಹೆಬ್ಬೆರಳಿನ ಬುಡವನ್ನು ಕಚ್ಚುತ್ತಿತ್ತು. ಹಣೆಯ ಬೆವರು ಕಣ್ಣಿಗಿಳಿಯಿತು.

ಹೆಂಡತಿಗೆ ಫೋನು ಮಾಡಲು ಎಡಗೈಯಿಂದ ಫೋನೆತ್ತಿದರು. ಅದು ಹೆಬ್ಬೆರಳಿಡಿ ಎಂದಿತು. ಅದಕ್ಕೆ ಪರಿಚಯವಿದ್ದದ್ದು ಬಲಗೈ ಹೆಬ್ಬೆರಳು ಮಾತ್ರ. ಬೇರೆ ದಾರಿಯಾದ ಗುಪ್ತ ಅಂಕಿಗಳನ್ನು ಮಾಸ್ಟರು ಮರೆತು ಯಾವ ಕಾಲವಾಯಿತೋ.

ಎದುರಿನ ಮೇಜಿನ ಮೇಲೆ ಅರ್ಧ ಗುರುತು ಹಾಕಿದ ಬಟ್ಟೆ ಹರಡಿತ್ತು. ಈ ಕೈ ಹೋದರೆ? ಮಾಸ್ಟರು ಬಕೆಟ್ ತೂಗಾಡಿಸಿಕೊಂಡೇ ಮೇಜಿನ ಬಳಿ ಹೋಗಿ, ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು, ಒಂದು ನೇರ ಗೆರೆ ಎಳೆದು ನೋಡಿದರು. ಗೆರೆ ಕುಡಿದವನಂತೆ ತೂರಾಡಿ ಬಟ್ಟೆಯಿಂದಾಚೆ ಬಿತ್ತು. ಅದೇ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು.

"ಮಾಸ್ಟ್ರೇ, ಕೋಟು ಆಯ್ತಾ?"

ದನದ ಡಾಕ್ಟರ ಧ್ವನಿ. ಬೇರೆ ದಿನವಾಗಿದ್ದರೆ ಮಾಸ್ಟರು ಈ ಧ್ವನಿ ಕೇಳಿದ ಕೂಡಲೇ ಉಸಿರು ಬಿಗಿಹಿಡಿದು ಮೇಜಿನ ಕೆಳಗೆ ಸೇರುತ್ತಿದ್ದರು. ಇವತ್ತು ಓಡೋಡಿ ಬಾಗಿಲಿಗೆ ಬಾಯಿ ಹಚ್ಚಿದರು.

"ಡಾಕ್ಟ್ರೇ, ಹೋಗ್ಬೇಡಿ. ನನ್ನ ಕೈ ಬಕೆಟ್ಟಲ್ಲಿ ಸಿಕ್ಕಾಕ್ಕೊಂಡಿದೆ."

ಬಾಗಿಲಾಚೆ ಡಾಕ್ಟರು ಬೆರಳು ಮಡಿಸಿ ಎಣಿಸತೊಡಗಿದರು.

"ಹೋದ್ಸಲ ಜ್ವರ ಅಂದ್ರಿ. ಅದಕ್ಕೆ ಮುಂಚೆ ನಿಮ್ಮತ್ತೆ ತೀರ್ಕೊಂಡ್ರು ಅಂದ್ರಿ. ಅದಕ್ಕೂ ಮುಂಚೆ ಒಂದ್ಸಲ ಅವರೇ ತೀರ್ಕೊಂಡಿದ್ರು."

"ಇದು ನಿಜ ಡಾಕ್ಟ್ರೇ. ಪ್ಲಾಸ್ಟರು. ಸುಡ್ತಾ ಇದೆ."

"ಬಕೆಟ್ ಅನ್ನೋದು ಹೊಸದು, ಒಪ್ಕೋತೀನಿ. ನಾಳೆ ಬರ್ತೀನಿ."

ಚಪ್ಪಲಿಯ ಸದ್ದು ಮೆಟ್ಟಿಲಿಳಿಯತೊಡಗಿತು. ಚಿಲಕವೋ, ಬಾಗಿಲನ್ನು ಒಂದು ಕೈಯಲ್ಲಿ ಒಳಕ್ಕೆಳೆದು ಹಿಡಿದು ಇನ್ನೊಂದರಲ್ಲಿ ಸರಿಸಿದರೆ ಮಾತ್ರ ಜರುಗುವ ಜಾತಿಯದು. ಮಾಸ್ಟರು ಎಡಗೈಯಲ್ಲಿ ಎಳೆದರು, ಹಲ್ಲು ಕಚ್ಚಿ ಎಳೆದರು. ಅದು ಕದಲಲಿಲ್ಲ. ಬಕೆಟ್ಟಿನೊಳಗೆ ಕಿರುಬೆರಳು ಇದೆಯೋ ಇಲ್ಲವೋ ಎಂಬುದೇ ತಿಳಿಯುತ್ತಿಲ್ಲ ಎಂದು ಆ ಕ್ಷಣ ಅವರ ಅರಿವಿಗೆ ಬಂತು. ಗಂಟಲಿನಿಂದ ಒಂದು ಕೂಗು ಹೊರಟಿತು. ಅದರಲ್ಲಿ ಮಾತಿರಲಿಲ್ಲ. ಅಂಥ ಸದ್ದು ತಮ್ಮೊಳಗಿದೆ ಎಂದು ಐವತ್ತು ವರ್ಷ ಅವರಿಗೇ ಗೊತ್ತಿರಲಿಲ್ಲ.

ಚಪ್ಪಲಿಯ ಸದ್ದು ನಿಂತಿತು. ದನದ ಡಾಕ್ಟರು ಮಾಸ್ಟರ ಮಾತನ್ನು ಎಂದೂ ನಂಬಿದವರಲ್ಲ. ಆದರೆ ಕಾಲು ಸಿಕ್ಕಿಕೊಂಡ ಕರುವಿನ ಕೂಗನ್ನು ಅವರು ನಿದ್ದೆಯಲ್ಲೂ ಗುರುತಿಸಬಲ್ಲರು. ಎರಡೆರಡು ಮೆಟ್ಟಿಲು ಹತ್ತಿ ಮೇಲೆ ಬಂದರು.

ಅವರು ಬಾಗಿಲಿಗೆ ಭುಜ ಕೊಡುವುದಕ್ಕೂ ಡಿಪೋದಲ್ಲಿ ಪಾಳಿ ಬದಲಿಸಿಕೊಂಡು, ಕೈಯಲ್ಲಿ ಕೇಕಿನ ಡಬ್ಬಿ ಹಿಡಿದು ಹೆಂಡತಿ ಬೇಗನೆ ವಾಪಸು ಬರುವುದಕ್ಕೂ ಸರಿಹೋಯಿತು. ವಿಷಯ ಕೇಳಿದವಳು ಡಬ್ಬಿಯನ್ನು ನೆಲಕ್ಕಿಟ್ಟು, "ಸ್ವಲ್ಪ ಸರೀರಿ ಡಾಕ್ಟ್ರೇ" ಎಂದು, ತುಂಬಿದ ಬಸ್ಸಿನಲ್ಲಿ ಜನರನ್ನು ಒಳಗೆ ತಳ್ಳಿ ಪಳಗಿದ ಸೊಂಟವನ್ನು ಬಾಗಿಲಿಗೆ ಕೊಟ್ಟಳು. "ಈಗ ಎಳೀರಿ ರೀ." ಚಿಲಕ ಜರುಗಿತು.

ಗಂಡನ ಮುಖ ನೋಡಿ ಆಕೆಯ ಬಾಯಲ್ಲಿದ್ದ ಬೈಗುಳ ಅಲ್ಲೇ ನಿಂತಿತು. ಮಾಸ್ಟರಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಆಗಲೇ. ಇವಳು ಬೈಯುತ್ತಿಲ್ಲವೆಂದರೆ ಪರಿಸ್ಥಿತಿ ಕೈಮೀರಿದೆ ಎಂದೇ ಅರ್ಥ.

"ಆಸ್ಪತ್ರೆಗೆ?" ಎಂದಳು.

"ಅಲ್ಲಿಗೆ ಹೋಗೋಷ್ಟರಲ್ಲಿ ಕೈ ಬೇಯುತ್ತೆ" ಎಂದು ಡಾಕ್ಟರು ಗಾಡಿಯಿಂದ ಚೀಲ ತಂದರು. ಗೊರಸು ಕೆತ್ತುವ ಚಾಕುವಿನಿಂದ ಬಕೆಟ್ಟನ್ನು ಸೀಳಿ ತೆಗೆದು, ಪ್ಲಾಸ್ಟರಿನ ಮೇಲೆ ತಣ್ಣೀರು ಸುರಿಸಿದರು. ಆಮೇಲೆ ಪ್ಲಗ್ಗು ಚುಚ್ಚಿ, ದನಗಳ ಕಾಲಿನ ಪ್ಲಾಸ್ಟರ್ ಬಿಚ್ಚುವ ಒಂದು ದುಂಡನೆಯ ಗರಗಸ ಎತ್ತಿಕೊಂಡರು. ಅದು ಗುಂಯ್ ಎಂದಿತು. ಮಾಸ್ಟರು ಗೋಡೆಗಂಟಿದರು.

"ಇದು ಚರ್ಮ ಕೊಯ್ಯಲ್ಲ. ಬರೀ ನಡುಗುತ್ತೆ ಅಷ್ಟೇ."

"ಯಾರು ಹೇಳಿದ್ದು?"

"ಇಲ್ಲೀವರೆಗೆ ಯಾವ ಹಸುವೂ ದೂರು ಕೊಟ್ಟಿಲ್ಲ."

ಹೆಂಡತಿ ಮಾಸ್ಟರ ಎಡಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ಅವರ ಮುಖವನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ಕೋಣೆಯ ತುಂಬ ಬಿಳಿ ಧೂಳೆದ್ದಿತು. ಧೂಳಿನ ನಡುವೆ ಡಾಕ್ಟರ ಧ್ವನಿ ಮಾತ್ರ ಕೇಳುತ್ತಿತ್ತು: "ಹೋ... ಹೋ... ನಿಂತ್ಕೋ ರಾಜಾ... ಅಷ್ಟೇ, ಆಯ್ತು ನನ್ನಪ್ಪಾ..." ಮಾಸ್ಟರು ನಿಂತುಕೊಂಡರು.

ಕೊನೆಗೆ ಪಟ್ಟೆಂದು ಸೀಳಿತು. ಹೊರಬಂದ ಕೈ ಬೆಂದ ಬೀಟ್‌ರೂಟಿನ ಬಣ್ಣದಲ್ಲಿತ್ತು. ಅದರಲ್ಲಿದ್ದ ಕೂದಲೆಲ್ಲ ಪ್ಲಾಸ್ಟರಿನ ಪಾಲಾಗಿತ್ತು. ಕತ್ತರಿ ಕಳಚಿ, ಹೆಂಡತಿ ಆ ಕೈಯನ್ನು ತಣ್ಣೀರಿನಲ್ಲಿ ಹಿಡಿದು, "ಬೆರಳು ಆಡ್ಸಿ" ಎಂದಳು. ಕಿರುಬೆರಳು ಆಡಿತು. ಅದರ ಪಕ್ಕದ್ದು ಆಡಿತು. ನಡುವಿನದೂ ತೋರುಬೆರಳೂ ಆಡಿದವು. ಹೆಬ್ಬೆರಳು ಆಡಲಿಲ್ಲ.

"ಆಡ್ಸಿ ರೀ."

"ಆಡಿಸ್ತಾನೇ ಇದೀನಿ."

ಮೂವರೂ ಉಸಿರಾಡದೆ ಒಂದು ಹೆಬ್ಬೆರಳನ್ನೇ ನೋಡುತ್ತ ನಿಂತರು. ಅದು ಬಹಳ ಹೊತ್ತು ಯೋಚಿಸಿ, ಒಮ್ಮೆ ಬಾಗಿ, ಮತ್ತೆ ಎದ್ದಿತು. ಹೆಂಡತಿ ಇದ್ದಲ್ಲೇ ನೆಲದ ಮೇಲೆ ಕುಸಿದು ಕುಳಿತು, ಸೆರಗಿಲ್ಲದ ಸಮವಸ್ತ್ರದ ತೋಳಿನಿಂದ ಕಣ್ಣೊರೆಸಿಕೊಂಡು, ಆಮೇಲೆ ಬೈಯಲು ಶುರುಮಾಡಿದಳು. ಮಾಸ್ಟರಿಗೆ ಹೋದ ಜೀವ ಬಂದಂತಾಯಿತು.

ಕೈಗೆ ಬಟ್ಟೆ ಸುತ್ತಿಯಾದ ಮೇಲೆ ಮೂವರೂ ಧೂಳಿನ ನಡುವೆಯೇ ಕುಳಿತು ಕೇಕಿನ ಡಬ್ಬಿ ಬಿಚ್ಚಿದರು. ಡಾಕ್ಟರು ತಿನ್ನುತ್ತಲೇ ಅಭ್ಯಾಸಬಲದಿಂದ ಆಕೆಗೆ ಹೇಳತೊಡಗಿದರು.

"ಇವತ್ತೇ ಒಂದ್ಸಲ ಮನುಷ್ಯರ ಡಾಕ್ಟರಿಗೂ ತೋರಿಸ್ಬಿಡಿ. ಗಾಯಕ್ಕೆ ಕೊಳೆ ತಾಗ್ಬಾರ್ದು. ನೆಕ್ಕೋಕೆ ಬಿಡ್ಬೇಡಿ. ಒಂದು ವಾರ ಹೊರಗೆ ಬಿಡದೆ ಕಟ್ಟಿಯೇ ಹಾಕಿ."

"ಹಗ್ಗ ಕಿತ್ಕೊಂಡ್ರೆ?" ಹೆಂಡತಿ ಗಂಭೀರವಾಗಿ ಕೇಳಿದಳು.

"ಮೂಗುದಾರ ಹಾಕಿ."

"ಅದು ಮದುವೆ ದಿನಾನೇ ಹಾಕಿದ್ದೆ ಡಾಕ್ಟ್ರೇ. ಹುಟ್ಟುಹಬ್ಬ ಅಲ್ವಾ ಅಂತ ಇವತ್ತೊಂದು ದಿನ ಬಿಚ್ಚಿದ್ದೆ."

ಮಾಸ್ಟರು ಉತ್ತರ ಕೊಡಲು ಬಾಯಿ ತೆರೆದರು. ಹೆಂಡತಿ ಅದರೊಳಗೆ ಒಂದು ತುಂಡು ಕೇಕ್ ಇಟ್ಟಳು. ಅವರು ತಲೆ ತಗ್ಗಿಸಿ, ಸದ್ದಿಲ್ಲದೆ ಮೆಲುಕು ಹಾಕಿದರು.