ಕೂಲಿಂಗ್ ಫ್ಯಾನ್ ಮಹಾಶಯರಿಗೆ, ಅಜ್ಜಿಯ ಎಡಗಣ್ಣಿನ ಪರವಾಗಿ

ಮಾನ್ಯರೇ,

ನಮ್ಮ ಹಳೆಯ ನೀಲಿ ಕಾರಿನ ರೇಡಿಯೇಟರಿಗೆ ಒರಗಿಕೊಂಡು, ಪಕ್ಕದಲ್ಲಿ ಎಂಜಿನ್ ಕುದಿಯುತ್ತಿದ್ದರೂ ರೆಕ್ಕೆ ಅಲುಗಿಸದೆ ಕುಳಿತಿರುವ ತಮ್ಮ ಸ್ಥಿತಪ್ರಜ್ಞತೆಗೆ ಮೊದಲು ಸಾವಿರ ನಮಸ್ಕಾರಗಳು. ಎದುರು ನಿಂತು ಜಗಳವಾಡುವ ಧೈರ್ಯ ನನಗೆ ಹುಟ್ಟಿನಿಂದಲೂ ಇಲ್ಲ. ಸಾಹಿತ್ಯ ಓದಿದವಳಾದ್ದರಿಂದ ಕಾಗದದ ಮೇಲೆ ಮಾತ್ರ ಸ್ವಲ್ಪ ಬಾಯಿ ಬರುತ್ತದೆ.

ತಾವು ಸೋಮಾರಿಗಳೆಂದು ನಾನು ಹೇಳುತ್ತಿಲ್ಲ. ಕಾರು ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಕಾರು ನಿಂತಾಗ, ಅದೂ ಎಂಜಿನ್ ಬಿಸಿಯೇರಿದಾಗ ಮಾತ್ರ ತಾವು ತಿರುಗಬೇಕು. ಅಷ್ಟೊಂದು ಹಗುರವಾದ ಹುದ್ದೆಯಿಂದಲೂ ರಜೆ ಪಡೆಯುವುದಕ್ಕೆ ಅಸಾಧಾರಣ ಪ್ರತಿಭೆಯೇ ಬೇಕು.

ಮೊನ್ನೆ ಮಂಗಳವಾರ ಹತ್ತೂವರೆಗೆ ಅಜ್ಜಿಯ ಎಡಗಣ್ಣಿನ ಪೊರೆ ತೆಗೆಯುವುದಿತ್ತು. ಆ ದಿನಾಂಕಕ್ಕಾಗಿ ನಾಲ್ಕು ತಿಂಗಳು ಕಾದಿದ್ದೆವು. ತಪ್ಪಿದ್ದರೆ ಇನ್ನೂ ನಾಲ್ಕು ತಿಂಗಳು ನಾನೇ ಅವಳಿಗೆ ಪತ್ರಿಕೆ ಓದಿ ಹೇಳಬೇಕಿತ್ತು, "ಸತ್ತವರ ಸುದ್ದಿಯೆಲ್ಲ ಹಾರಿಸಿಬಿಡ್ತೀಯಲ್ಲೇ, ಯಾರು ಉಳಿದಿದಾರೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?" ಎಂಬ ಬೈಗುಳವನ್ನೂ ದಿನಾ ಕೇಳಬೇಕಿತ್ತು.

ಸೇತುವೆಯ ಮುಂದಿನ ಸಿಗ್ನಲ್ಲಿನಲ್ಲಿ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತವು. ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ತಾವು ಮೌನವ್ರತ ಮುರಿಯಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಅಪ್ಪ, ನಾಚಿಕೆಯ ಮಗಳು ಎಂದೂ ಒತ್ತದ ಹಾರ್ನನ್ನು ಎಂದಿನಂತೆ ಅಲ್ಲಿಂದಲೇ ಕೈ ಚಾಚಿ ಒತ್ತಿದರು, ಒತ್ತುತ್ತಲೇ ಇದ್ದರು. ಹಾರ್ನು ಪಾಪ ತಮ್ಮಂತಲ್ಲ, ಮುಟ್ಟಿದರೆ ಸಾಕು ಊರೆಲ್ಲ ಎದ್ದು ಕೂರುವಂತೆ ಕೂಗಿತು. ಎಂಜಿನ್ನಿನ ಬಿಸಿಯನ್ನು ಒಳಗೆಳೆದುಕೊಂಡರೆ ಅಷ್ಟಾದರೂ ತಣಿದೀತೆಂದು ಆ ಬೇಸಿಗೆಯ ಬಿಸಿಲಿನಲ್ಲಿ ನಾನು ಹೀಟರನ್ನು ಪೂರ್ತಿ ಹಾಕಿದೆ. "ಕಣ್ಣು ತೋರಿಸೋಕೆ ಕರ್ಕೊಂಡು ಹೋಗ್ತಿದೀಯೋ, ನನ್ನನ್ನ ಬೇಯಿಸೋಕೋ?" ಎಂದು ಹಿಂದಿನಿಂದ ಅಜ್ಜಿ ವಿಚಾರಿಸಿದಳು.

ಆಸ್ಪತ್ರೆ ಮುಟ್ಟಿದಾಗ ನರ್ಸ್ ಅವಳ ಹಣೆ ಮುಟ್ಟಿ, "ಅಜ್ಜಿಗೆ ಜ್ವರ ಇದೆಯಲ್ಲಮ್ಮಾ, ಇವತ್ತು ಆಗಲ್ಲ" ಎಂದುಬಿಟ್ಟರು. ಅದು ಜ್ವರವಲ್ಲ, ತಮ್ಮ ಕೃಪೆ. ಕೊನೆಗೆ ಕಾಯುವ ಕೋಣೆಯ ಸೀಲಿಂಗ್ ಫ್ಯಾನು, ತಮ್ಮದೇ ಕುಲದ ಬಡ ನೆಂಟ, ಗುಂಡಿ ಒತ್ತಿದ ಕೂಡಲೇ ತಿರುಗಿ, ಕಾಲು ಗಂಟೆಯಲ್ಲಿ ಅಜ್ಜಿಯನ್ನು ತಣಿಸಿ ನಮ್ಮ ಮಾನವನ್ನೂ ಅವಳ ಕಣ್ಣನ್ನೂ ಉಳಿಸಿತು.

ಮರುದಿನ ಮೆಕ್ಯಾನಿಕ್ ಬಂದು ಬ್ಯಾಟರಿಯಿಂದ ನೇರವಾಗಿ ಎರಡು ತಂತಿ ಕೊಟ್ಟಾಗ ತಾವು ಮದುವಣಗಿತ್ತಿಯ ಹುರುಪಿನಲ್ಲಿ ತಿರುಗಿದ್ದನ್ನು ನಾನು ಕಣ್ಣಾರೆ ಕಂಡೆ. ಶಕ್ತಿಯಿದೆ, ಮನಸ್ಸಿಲ್ಲ ಎಂದಾಯಿತು. "ಮೋಟಾರ್ ಚೆನ್ನಾಗಿದೆ, ಕರೆಂಟೇ ಬರ್ತಿಲ್ಲ. ಫ್ಯೂಸ್ ನೋಡ್ಲಾ ಸಾರ್?" ಎಂದು ಆತ ಕೇಳಿದ. "ಹೋದ ತಿಂಗಳು ನಾನೇ ಕೈಯಾರೆ ನೋಡಿದೀನಿ. ಅದರ ತಂಟೆ ಬೇಡ" ಎಂದರು ಅಪ್ಪ. ಅಪ್ಪ ನಿವೃತ್ತ ಹೆಡ್‌ಮಾಸ್ತರರು, ಆತ ಅವರ ಹಳೆಯ ವಿದ್ಯಾರ್ಥಿ. ಇಂದಿಗೂ ಅವರೆದುರು ಕೈಕಟ್ಟಿ ನಿಲ್ಲುವವನು. "ಸರಿ ಸಾರ್" ಎಂದು ಫ್ಯೂಸ್ ಒಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಸಂಜೆಯವರೆಗೆ ಬಿಚ್ಚಿ ಜೋಡಿಸಿ ಹೋದ.

ಆದ್ದರಿಂದ ವಿನಂತಿ: ಮುಂದಿನ ತಿಂಗಳು ಬಲಗಣ್ಣಿನ ಸರದಿ. ಅಂದು ತಾವು ಸೇವೆಗೆ ಹಾಜರಾಗುವಿರೋ ಇಲ್ಲವೋ ಎಂಬುದನ್ನು ಮೂರು ದಿನ ಮುಂಚಿತವಾಗಿ ಲಿಖಿತವಾಗಿ ತಿಳಿಸಬೇಕು. ಆಗದಿದ್ದಲ್ಲಿ ಸಿಗ್ನಲ್ಲುಗಳನ್ನೆಲ್ಲ ಹಸಿರಾಗಿಯೇ ಇಡಿಸಬೇಕು. ಎರಡೂ ಕಷ್ಟವಾದರೆ ನಾನೇ ಬೀಸಣಿಗೆ ಹಿಡಿದು ಬಾನೆಟ್ಟಿನ ಮೇಲೆ ಕೂರುತ್ತೇನೆ, ತಾವು ಬಂದು ಕಾರು ಓಡಿಸಿ.

ತಮ್ಮ ವಿಶ್ವಾಸಿ,
ಹಾರ್ನ್ ಒತ್ತದ ಚಾಲಕಿ

ತಾ.ಕ.: ಈ ಪತ್ರವನ್ನು ಬಾನೆಟ್ಟಿನೊಳಗೆ ಅಂಟಿಸುತ್ತಿದ್ದಾಗ, ಪಟ್ಟಿ ಬಿಚ್ಚಿದಂದಿನಿಂದ ಹೊಸ ಕಣ್ಣಿನಲ್ಲಿ ಮನೆಯ ಮೂಲೆ ಮೂಲೆ ತಪಾಸಣೆ ಮಾಡುತ್ತಿರುವ ಅಜ್ಜಿ ಬಂದು, ಫ್ಯೂಸ್ ಪೆಟ್ಟಿಗೆಯ ಮುಚ್ಚಳವನ್ನೂ ತೆಗೆಸಿ, "ಎಲ್ಲಾ ಕಡೆ ಹಲ್ಲು ಇದೆ, ಇಲ್ಲೊಂದು ಯಾಕೆ ಬೋಡು?" ಎಂದಳು. ಮುಚ್ಚಳದ ನಕ್ಷೆಯಲ್ಲಿ ಆ ಖಾಲಿ ಜಾಗಕ್ಕೆ ತಮ್ಮದೇ ಚಿತ್ರ. ಅಪ್ಪ ಬಹಳ ಹೊತ್ತು ಕೆಮ್ಮಿದರು. ಹೋದ ತಿಂಗಳು ಹಾರ್ನಿನ ಫ್ಯೂಸ್ ಸುಟ್ಟಾಗ ಅಪ್ಪನೇ ತಮ್ಮ ಫ್ಯೂಸನ್ನು ಕಿತ್ತು ಅಲ್ಲಿಗೆ ಸಿಕ್ಕಿಸಿದ್ದರಂತೆ: "ಹಾರ್ನ್ ದಿನಾ ಬೇಕು, ಫ್ಯಾನ್ ಯಾವಾಗಲೋ ಒಂದ್ಸಲ ತಾನೇ." ಕೈಯಾರೆ ನೋಡಿದ್ದು ನಿಜವೇ. ದೂರನ್ನು ಹಿಂದಕ್ಕೆ ಪಡೆದಿದ್ದೇನೆ, ಹೊಸ ಫ್ಯೂಸ್ ಹಾಕಿಸಿದ್ದೇನೆ. ಬಲಗಣ್ಣಿನ ದಿನ ಹೆತ್ತ ತಾಯಿ ಮುಂದಿನ ಸೀಟಿನಲ್ಲಿ, ಮಗ ಹೆಡ್‌ಮಾಸ್ತರರು ಹಿಂದೆ ಎಂದು ಅಜ್ಜಿಯ ತೀರ್ಪು. ಹಿಂದಿನ ಸೀಟಿನಿಂದ ಹಾರ್ನಿಗೆ ಕೈ ಎಟುಕುವುದಿಲ್ಲವೆಂಬುದನ್ನು ಅವಳು ಆಗಲೇ ಕೂತು, ಕೈ ಚಾಚಿ, ಖಚಿತಪಡಿಸಿಕೊಂಡಿದ್ದಾಳೆ.